ನರ ಕೂಡುವ ಮೊದಲೇ ಬಂದ ಬೀಗರೂಟ

ಬೀಗರೂಟದಲ್ಲಿ ಬಾಡು ಬಡಿಸುವುದಕ್ಕೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲ. ಕೊಡುವಂತಿದ್ದರೆ ಮದ್ದೂರು, ಮಳವಳ್ಳಿ ಎರಡೂ ತಾಲ್ಲೂಕುಗಳ ಚಿನ್ನದ ಪದಕ ನನಗೇ ಬರುತ್ತಿತ್ತು. ಇದು ಜಂಬದ ಮಾತಲ್ಲ, ಕಡತದಲ್ಲಿ ನಮೂದಾಗದೆ ಉಳಿದ ಸತ್ಯ. ಮದುವೆ ಮುಗಿದ ಮೇಲೆ ಬೀಗರನ್ನು ಕೂರಿಸಿ ಮಾಂಸದೂಟ ಹಾಕುವ ಆ ದಿನ ನಮ್ಮ ಕಡೆಯವರಿಗೆ ಮದುವೆಗಿಂತ ದೊಡ್ಡದು. ತಾಳಿ ಕಟ್ಟಿದ್ದು ಎಷ್ಟು ಹೊತ್ತಿಗೆ ಎಂಬುದು ಯಾರಿಗೂ ನೆನಪಿರುವುದಿಲ್ಲ. ಎಲೆಗೆ ಎಷ್ಟು ತುಂಡು ಬಿತ್ತು ಎಂಬುದನ್ನು ಮಾತ್ರ ಯಾರೂ ಮರೆಯುವುದಿಲ್ಲ!

ನಾನು ಶಿವಲಿಂಗೇಗೌಡ, ಮದ್ದೂರಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ಕಚೇರಿಯಲ್ಲಿ ನಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಆದರೆ ಎಡಗೈಯಲ್ಲಿ ಸಾರಿನ ಬಕೆಟ್ಟು, ಬಲಗೈಯಲ್ಲಿ ಸೌಟು ಹಿಡಿದು ಪಂಕ್ತಿಯ ತುದಿಯಲ್ಲಿ ನಿಂತೆನೆಂದರೆ ನಾನೇ ಬೇರೆ ಮನುಷ್ಯ. ಸೌಟನ್ನು ಬಕೆಟ್ಟಿನ ತಳಕ್ಕೆ ಇಳಿಸಿ, ಮಣಿಕಟ್ಟನ್ನು ಒಂದಿಷ್ಟೇ ತಿರುಗಿಸಿದರೆ ನೋಡದೆಯೇ ಗೊತ್ತಾಗುತ್ತದೆ, ಬಂದದ್ದು ತೊಡೆಯ ತುಂಡೋ ಬರೀ ಮೂಳೆಯೋ ಎಂದು. ಬೀಗರ ಕಡೆಯ ಹಿರಿಯರಿಗೆ ಯಾವುದು, ಸುಮ್ಮನೆ ಬಂದು ಕೂತ ದೂರದ ನೆಂಟನಿಗೆ ಯಾವುದು ಎಂಬ ತೀರ್ಮಾನವೂ ಅಷ್ಟರಲ್ಲೇ ಆಗಿಬಿಟ್ಟಿರುತ್ತದೆ. ನೆಂಟರು ಲಗ್ನಪತ್ರಿಕೆ ಕೊಡಲು ಬಂದಾಗ, "ಮದ್ವೆಗೆ ಬರದಿದ್ರೂ ಪರವಾಗಿಲ್ಲ ಗೌಡ್ರೆ, ಬೀಗ್ರೂಟಕ್ಕೆ ಮಾತ್ರ ಬಂದ್ಬುಡಿ" ಎನ್ನುತ್ತಿದ್ದರು. ನನ್ನ ಹೆಂಡತಿ ಸುನಂದ, "ನಿಮ್ಮನ್ನ ಕರೀತಿಲ್ಲ ಕಣ್ರೀ, ನಿಮ್ ರಟ್ಟೆನ ಕರೀತಾವ್ರೆ" ಎಂದು ಚುಚ್ಚುತ್ತಿದ್ದಳು.

ಆ ರಟ್ಟೆಯೇ ಕೈಕೊಟ್ಟಿತು. ವೈದ್ಯನಾಥಪುರದಲ್ಲಿ ನೆಂಟರ ಬೀಗರೂಟ. ಸಾರಿನ ದಬರಿಯನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕು. ಇನ್ನೊಬ್ಬ ಬೀಡಿ ಸೇದಲು ಹೋಗಿದ್ದ. ಪಂಕ್ತಿಯಲ್ಲಿ ಜನ ಕೂತಾಗಿದೆ, ಮುದ್ದೆ ಬಿದ್ದಾಗಿದೆ. ಕಾಯುವುದುಂಟೇ! ನಾನೊಬ್ಬನೇ ಎತ್ತಿದೆ. ಭುಜದೊಳಗೆ ಟಪ್ ಎಂದಿತು. ದಬರಿ ಸುರಕ್ಷಿತವಾಗಿ ಕೆಳಗಿಳಿಯಿತು, ಒಂದು ಹನಿ ಸಾರೂ ಚೆಲ್ಲಲಿಲ್ಲ. ಆದರೆ ಆವತ್ತಿನಿಂದ ನನ್ನ ಬಲಗೈ ತಲೆ ಬಾಚಲೂ ಮೇಲೇಳಲಿಲ್ಲ.

ಮಂಡ್ಯದ ಡಾಕ್ಟರು ಸ್ಕ್ಯಾನ್ ನೋಡಿ, ಭುಜದ ಮೂಳೆಗೆ ಮಾಂಸಖಂಡವನ್ನು ಬಿಗಿಯುವ ಹಗ್ಗದಂಥದ್ದು ಹರಿದಿದೆ ಎಂದರು. ಅದು ಒಂದು ದಿನದಲ್ಲಿ ಹರಿದದ್ದಲ್ಲವಂತೆ, ವರ್ಷಗಟ್ಟಲೆ ಸವೆದು ಸವೆದು ಕಡೆಗೆ ಹರಿದದ್ದಂತೆ. ಅದಕ್ಕೆ ಪುಸ್ತಕದಲ್ಲಿ ಸ್ನಾಯುರಜ್ಜು ಎನ್ನುತ್ತಾರೆ. ನಮ್ಮ ಕಡೆ ಚರ್ಮದ ಕೆಳಗೆ ಮೂಳೆಯಲ್ಲದ್ದೆಲ್ಲ ಒಂದೇ, ನರ! ಆಪರೇಷನ್ ಆಯಿತು. ಬಲಗೈಯನ್ನು ಹೊಟ್ಟೆಯ ಮುಂದೆ ಮಡಿಸಿ, ಕಂಕುಳಲ್ಲಿ ಪುಟ್ಟ ದಿಂಬೊಂದನ್ನು ಇರಿಸಿ, ಕುತ್ತಿಗೆಯಿಂದ ಜೋಲಿ ಕಟ್ಟಿದರು.

"ಹರಿದಿದ್ದನ್ನ ಮೂಳೆಗೆ ಸೇರಿಸಿ ಹೊಲಿದಿದ್ದೀನಿ," ಎಂದರು ಡಾಕ್ಟರು. "ಹೊಲಿಯೋದು ನನ್ನ ಕೆಲಸ, ಅಂಟಿಕೊಳ್ಳೋದು ಅದರ ಕೆಲಸ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಕೈ ಎತ್ತಬೇಡಿ, ಬೀಡಿ ಸಿಗರೇಟು ಬೇಡ, ಪ್ರೋಟೀನ್ ಇರೋ ಊಟ ಮಾಡಿ. ಮುಖ್ಯವಾಗಿ, ಆತುರ ಬೇಡ."

ಈ ನಾಲ್ಕು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಮೂರನೆಯದು ಮಾತ್ರ.

ಯಾಕೆಂದರೆ ನನಗೆ ಆತುರವಿತ್ತು. ಬೆಳಕವಾಡಿಯಲ್ಲಿರುವ ನನ್ನ ಅಕ್ಕ ತಾಯಮ್ಮನ ಮಗಳು ಪಲ್ಲವಿಗೆ ಮದುವೆ ಗೊತ್ತಾಗಿತ್ತು. ಮದುವೆ ಮಳವಳ್ಳಿಯ ಕಲ್ಯಾಣಮಂಟಪದಲ್ಲಿ, ಬೀಗರೂಟ ಬೆಳಕವಾಡಿಯ ಮನೆಯ ಮುಂದೆ. ಸುನಂದಳಿಗೂ ನನಗೂ ಮಕ್ಕಳಿಲ್ಲ. ಪಲ್ಲವಿ ಕಾಲೇಜು ಓದಿದ್ದೆಲ್ಲ ಮದ್ದೂರಿನಲ್ಲಿ, ನಮ್ಮ ಮನೆಯಲ್ಲೇ ಇದ್ದುಕೊಂಡು. ಭಾನುವಾರ ನಾನು ಬಾಡು ತಂದರೆ ಮಜ್ಜೆಯ ಮೂಳೆ ಅವಳ ತಟ್ಟೆಗೆ. ಅದನ್ನು ತಟ್ಟೆಗೆ ಕುಟ್ಟಿ ಕುಟ್ಟಿ ಮಜ್ಜೆ ಬೀಳಿಸುವ ಸದ್ದಿಗೆ ಪಕ್ಕದ ಮನೆಯವರು ಬಂದು, ಏನು ರಿಪೇರಿ ನಡೆದಿದೆ ಎಂದು ಕೇಳುತ್ತಿದ್ದರು. ಓದು ಮುಗಿಸಿ ಅವಳು ಊರಿಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಭಾನುವಾರ ಯಾವುದು ಸೋಮವಾರ ಯಾವುದು ತಿಳಿಯದ ಹಾಗಾಯಿತು.

ನನಗೆ ಪ್ರೀತಿಯ ಮಾತಾಡಲು ಬರುವುದಿಲ್ಲ. ಬಡಿಸಲು ಬರುತ್ತದೆ. ಊರೆಲ್ಲರ ಬೀಗರೂಟದಲ್ಲಿ ಬಡಿಸಿದ ಈ ಕೈ ಪಲ್ಲವಿಯ ಬೀಗರೂಟದ ದಿನ ಅವಳ ಎಲೆಗೆ ಬಡಿಸಬೇಕು, ಅವಳನ್ನು ಹಾಗೆ ಕಳಿಸಿಕೊಡಬೇಕು. ನನಗಿದ್ದದ್ದು ಅದೊಂದೇ ಆಸೆ. ಜೋಲಿ ಬಿಚ್ಚುವ ಮೊದಲೇ ಬೀಗರೂಟ ಬರುತ್ತಿತ್ತು. ಹಾಗಾಗಿ ನರವನ್ನು ಸ್ವಲ್ಪ ಅವಸರಪಡಿಸಬೇಕಾಗಿತ್ತು, ಅಷ್ಟೆ.

ಅಕ್ಕ ಫೋನು ಮಾಡಿದಳು. "ಏನ್ಲಾ ಸಿವ್ಲಿಂಗ, ನರ ಕಿತ್ತೋಗದಂತಲ್ಲಾ! ನೀನೇನೂ ಯೋಚ್ನೆ ಮಾಡ್ಬ್ಯಾಡ. ಕುರಿ ಕಾಲ್ನಲ್ಲಿ ಇರೋದೆಲ್ಲ ನರನೇ ಕಣ್ಲಾ. ದಿನಾ ಕಾಲ್ ಸೂಪು ಕುಡಿ. ಗೋಂದು ಅಂಟ್ದಂಗೆ ಅಂಟ್ಕತದೆ."

ಎಂಥ ವೈಜ್ಞಾನಿಕ ವಿವರಣೆ! ಡಾಕ್ಟರು ಹೇಳಿದ ಪ್ರೋಟೀನೂ ಇದೇ ಎಂದು ನಾನು ತೀರ್ಮಾನಿಸಿದೆ.

"ಡಾಕ್ಟ್ರು ಮೊಟ್ಟೆ, ಹಾಲು, ಬ್ಯಾಳೆ ಅಂದ್ರು," ಎಂದಳು ಸುನಂದ. "ಕುರಿ ಕಾಲಿನ ಸುದ್ದಿನೇ ಎತ್ನಿಲ್ಲ ಕಣ್ರೀ."

"ಎಲ್ಲಾನೂ ಬಿಡಿಸಿ ಯೋಳಕಾಯ್ತದ? ನಾವೇ ಅರ್ಥ ಮಾಡ್ಕಬೇಕು."

ಮಟನ್ ಅಂಗಡಿಯ ಅಪ್ಸರ್ ಸಾಬರು ದಿನಾ ಬೆಳಿಗ್ಗೆ ನಾಲ್ಕು ಕಾಲು ಸುಟ್ಟು, ಕತ್ತರಿಸಿ, ಎತ್ತಿಡತೊಡಗಿದರು. ನನ್ನನ್ನು ನೋಡಲು ಬಂದ ನೆಂಟರೂ ಬರಿಗೈಯಲ್ಲಿ ಬರಲಿಲ್ಲ. ನಮ್ಮಲ್ಲಿ ಆಪರೇಷನ್ ಆದವರನ್ನು ನೋಡಲು ಹಣ್ಣು ಹಿಡಿದು ಹೋದರೆ ಅದೊಂದು ಮರ್ಯಾದೆಯೇ ಅಲ್ಲ. ಬೆಸಗರಹಳ್ಳಿಯ ಚಿಕ್ಕಮ್ಮ ಕ್ಯಾರಿಯರ್ ತುಂಬ ಕಾಲು ಸೂಪು ತಂದರು. ಬಂದವರ ಎದುರು ಕುಡಿಯದಿದ್ದರೆ ಅವರಿಗೆ ಬೇಜಾರು. ಕುಡಿದೆ. ಬೆಳಿಗ್ಗೆ ಕಾಫಿಯ ಬದಲು ಸೂಪು, ಸಂಜೆ ಕಾಫಿಯ ಜೊತೆ ಸೂಪು. ತುಟಿಗೆ ತುಟಿ ಅಂಟುವಂತಾದಾಗ ನನಗೆ ಪರಮಾನಂದ. ತುಟಿಯೇ ಹೀಗೆ ಅಂಟಿಕೊಂಡರೆ ನರ ಬಿಡುತ್ತದೆಯೇ?

ಈ ನಡುವೆ ಎಡಗೈಯಲ್ಲಿ ಬಡಿಸುವ ಅಭ್ಯಾಸವನ್ನೂ ಮಾಡಿದೆ. ಒಂದು ಸೌಟು ಸಾರನ್ನು ಎಡಗೈಯಲ್ಲಿ ಸುನಂದಳ ತಟ್ಟೆಗೆ ಬಿಟ್ಟೆ. ಅವಳು ತಟ್ಟೆ ಸರಿಸಿ ಎದ್ದೇಬಿಟ್ಟಳು. "ಎಡಗೈಲಿ ಇಕ್ತೀರಲ್ಲ, ನಾನೇನು ತಿಥಿಗೆ ಕೂತಿದ್ದೀನಾ? ಬೀಗ್ರಿಗೆ ಇಂಗ್ ಇಕ್ಕುದ್ರೆ ಎಣ್ಣನ್ನ ಇಲ್ಲೇ ಬುಟ್ಟು ಎದ್ದೋಯ್ತಾರೆ!" ಸದರಿ ಪ್ರಸ್ತಾವನೆಯನ್ನು ಅಲ್ಲಿಗೇ ಕೈಬಿಡಲಾಯಿತು.

ಮಂಡ್ಯದಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಒಬ್ಬರಿದ್ದರು. ಎಡಗೈಯನ್ನು ಮೇಜಿಗೆ ಊರಿ, ಸೊಂಟ ಬಗ್ಗಿಸಿ, ಜೋಲಿಯಿಂದ ತೆಗೆದ ಬಲಗೈಯನ್ನು ಸತ್ತ ಹಾಗೆ ಇಳಿಬಿಡಬೇಕು. ಸೊಂಟ ತೂಗಿದರೆ ಕೈ ತಾನೇ ತೂಗುತ್ತದೆ. "ನೀವಾಗಿ ಆಡಿಸಬಾರದು. ಬೆರಳು, ಮಣಿಕಟ್ಟು, ಮೊಣಕೈ ಬೇಕಾದ್ರೆ ಆಡಿಸಿ. ಭುಜ ಮಾತ್ರ ಕೆಲಸ ಮಾಡಬಾರದು," ಎಂದರು ಮೇಡಂ. ನಾನು ತಲೆಯಾಡಿಸಿದೆ.

ಮನೆಯಲ್ಲಿ ಆ ವ್ಯಾಯಾಮ ಮಾಡುತ್ತಿದ್ದಾಗ ನನಗೆ ಏನೋ ಆಗಿಬಿಟ್ಟಿತು. ಸೊಂಟ ಬಗ್ಗಿದೆ, ಬಲಗೈ ಕೆಳಗೆ ಇಳಿದಿದೆ, ಮೆಲ್ಲಗೆ ತೂಗುತ್ತಿದೆ. ಇದು ಹಿಂದೆ ನೆಲದ ಮೇಲೆ ಎಲೆ ಹಾಕಿ ಕೂರಿಸುತ್ತಿದ್ದ ಕಾಲದಲ್ಲಿ ನಾನು ಬಡಿಸುತ್ತಿದ್ದ ಭಂಗಿ! ಇಡೀ ದಿನ ಬಗ್ಗಿ ಬಗ್ಗಿ ಬಡಿಸಿ, ಕಡೆಗೆ ಉಳಿದ ಸಾರಿಗೆ ಮುದ್ದೆ ಅದ್ದಿ ತಿನ್ನುತ್ತಿದ್ದ ಮಧ್ಯಾಹ್ನಗಳು ನೆನಪಾದವು. ಬೆವರು, ಹೊಗೆ, "ಗೌಡ್ರೆ ಇಲ್ಲೊಂದೆಲೆ" ಎಂಬ ಕೂಗು. ಕೈ ಖಾಲಿಯಾಗಿ ತೂಗುವುದನ್ನು ನೋಡಿ ನನಗೆ ಅಳು ಬಂತು. ನಿಜವಾಗಿಯೂ ಬಂತು. ಮನೆಯಲ್ಲಿ ಯಾರೂ ಇರಲಿಲ್ಲ. ಸುನಂದ ಮದುವೆಗೆ ರವಿಕೆ ಹೊಲಿಯಲು ಕೊಡಲು ಪೇಟೆಗೆ ಹೋಗಿದ್ದಳು.

ಸುಮ್ಮನೆ ಕೈಗೊಂದು ಸೌಟು ಕೊಟ್ಟೆ. ಖಾಲಿ ಸೌಟು. ಅದರಿಂದ ಏನಾಗುತ್ತದೆ? ಏನೂ ಆಗಲಿಲ್ಲ. ಹಾಗಾದರೆ ಬಕೆಟ್ಟಿನಲ್ಲಿ ಸ್ವಲ್ಪ ನೀರಿದ್ದರೆ ಏನಾಗುತ್ತದೆ? ಹಿತ್ತಲಿನಲ್ಲಿ ಹಳೆಯ ಪೇಪರುಗಳನ್ನು ಎಲೆಗಳಂತೆ ಸಾಲಾಗಿ ಹಾಸಿದೆ. ಮೊದಲನೆಯದು ಬೀಗರದು. ಎರಡನೆಯದು ಅಳಿಯನದು. ಎರಡಕ್ಕೂ ಸಲೀಸಾಗಿ ಬಡಿಸಿದೆ. ಮೂರನೆಯದು ಪಲ್ಲವಿಯ ಎಲೆ. ಅವಳಿಗೆ ಎಲ್ಲರಷ್ಟೇ ಬಡಿಸಲಾದೀತೇ? ಸೌಟನ್ನು ತಳದವರೆಗೂ ಇಳಿಸಿ, ತುಂಬ ತುಂಬಿಕೊಂಡು ಎತ್ತಿದೆ.

ಭುಜಕ್ಕೆ ಸಿಡಿಲು ಹೊಡೆಯಿತು! ಸೌಟು ಬಿತ್ತು, ನನ್ನ ಕಾಲು ತಗುಲಿ ಬಕೆಟ್ಟು ಉರುಳಿತು, ಬೀಗರು ಅಳಿಯ ಸಮೇತ ನೀರಿನಲ್ಲಿ ತೇಲಿ ಹೋದರು. ನನ್ನ ಕಿರುಚಾಟಕ್ಕೆ ಪಕ್ಕದ ಮನೆಯ ಪುಟ್ಟತಾಯಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. ಹಿತ್ತಲನ್ನೂ ನನ್ನನ್ನೂ ಕೆಲಹೊತ್ತು ಪರಿಶೀಲಿಸಿ ಕೇಳಿದರು, "ಯಾಕ್ ಗೌಡ್ರೆ, ಪೇಪರ್‌ಗೆ ನೀರು ಇಕ್ತಾ ಇದ್ದೀರಾ?"

ನಾನು ಎಡಗೈಯಿಂದ ಬಲಭುಜ ಹಿಡಿದುಕೊಂಡು ಒಳಗೆ ಓಡಿದೆ.

ಮಂಡ್ಯಕ್ಕೆ ಹೋಗುವ ದಾರಿಯುದ್ದಕ್ಕೂ ಸುನಂದ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೊಲಿಗೆ ಬಿಟ್ಟಿಲ್ಲ, ನಿಮ್ಮ ಪುಣ್ಯ," ಎಂದರು. "ಇನ್ನೊಂದು ಸಲ ಹೀಗೆ ಮಾಡಿದ್ರೆ ಮತ್ತೆ ಹೊಲಿಯೋಕೆ ಅಲ್ಲಿ ಏನೂ ಉಳಿದಿರಲ್ಲ. ಆಮೇಲೆ ಜೀವಮಾನ ಪೂರ್ತಿ ಕೈ ಮೇಲೆ ಏಳಲ್ಲ."

"ಸಾರ್, ಬೀಗರೂಟ..."

"ಹೋಗಿ ಕೂತುಕೊಂಡು ಊಟ ಮಾಡಿ. ಬಡಿಸೋದು ಈ ಸಲ ಮರೆತುಬಿಡಿ."

ಹೊರಗೆ ಬೆಂಚಿನ ಮೇಲೆ ಕೂತಾಗ ಸುನಂದ ಬಾಯಿ ಬಿಟ್ಟಳು. "ಅವ್ಳು ನಂಗೂ ಮಗಳೇ ಅಲ್ವೇನ್ರೀ? ನಿಮ್ ಕೈ ಒಂದು ಹೋದ್ರೆ ಅವ್ಳಿಗೇನು ಸಂತೋಸ ಆದಾತಾ?" ಭುಜಕ್ಕಿಂತ ಆ ಮಾತೇ ಹೆಚ್ಚು ನೋವು ಕೊಟ್ಟಿತು.

ಬುದ್ಧಿ ಬಂತೇ? ಬಂತು, ಆದರೆ ಅರ್ಧ. ಕೈ ಆಡಿಸುವುದನ್ನು ಪೂರ್ತಿ ಬಿಟ್ಟೆ. ಆದ ನಷ್ಟವನ್ನು ತುಂಬಿಕೊಳ್ಳಲು ಸೂಪನ್ನು ಎರಡರಷ್ಟು ಮಾಡಿದೆ! ಅಪ್ಸರ್ ಸಾಬರು, "ಗೌಡ್ರೆ, ಇಷ್ಟೊಂದು ಕಾಲಾ? ಅಂಗಡಿಯಲ್ಲಿ ಬೇರೆಯವ್ರಿಗೂ ಸ್ವಲ್ಪ ಬಿಡಿ," ಎಂದು ನಕ್ಕರು. ನಾನು ನಗಲಿಲ್ಲ. ಇನ್ನೂ ಮದುವೆಗೆ ದಿನಗಳಿದ್ದವು. ಪವಾಡಗಳೂ ಆಗುತ್ತವೆ.

ಆಯಿತು. ಒಂದು ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಊರಿದರೆ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿ ಕೆಂಪಗಾಗಿತ್ತು. ಹೊದಿಕೆ ತಗುಲಿದರೂ ಪ್ರಾಣ ಹೋಗುವಂಥ ನೋವು. ಫ್ಯಾನಿನ ಗಾಳಿ ತಗುಲಿದರೂ ನೋವು. ಮದ್ದೂರಿನ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ ಕೇಳಿದರು, "ಯೂರಿಕ್ ಆಸಿಡ್ ಹೀಗೆ ಏರಿದೆಯಲ್ಲ, ಏನು ತಿಂತಾ ಇದ್ರಿ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸುನಂದ ಚಿಕ್ಕಮ್ಮನ ಕ್ಯಾರಿಯರಿನಿಂದ ಹಿಡಿದು ಎಲ್ಲವನ್ನೂ ಸವಿವರವಾಗಿ ನಿವೇದಿಸಿಕೊಂಡಳು. ಡಾಕ್ಟರು ನಗು ತಡೆಯಲು ಕನ್ನಡಕ ತೆಗೆದು ಒರೆಸಿದರು. "ಗೌಡ್ರೇ, ಕೈ ಹಾಳಾಗಿದ್ದಕ್ಕೆ ಕಾಲಿಗ್ಯಾಕೆ ಶಿಕ್ಷೆ? ಸೂಪು ಇವತ್ತಿಂದ ಬಂದ್. ಮೊಟ್ಟೆ, ಹಾಲು ಸಾಕು. ನಾನು ಹೇಳೋವರೆಗೂ ಮಟನ್ನೂ ಬಂದ್."

ಹೀಗಾಗಿ ಈ ಮೂಲಕ ತಮ್ಮೆಲ್ಲರ ಅವಗಾಹನೆಗೆ ತರುವುದೇನೆಂದರೆ, ಬೀಗರೂಟದಲ್ಲಿ ಬಡಿಸಲು ಹೊರಟವನು ಬಡಿಸುವಂತಿಲ್ಲ, ನಡೆಯುವಂತಿಲ್ಲ, ಕೊನೆಗೆ ತಿನ್ನುವಂತೆಯೂ ಇಲ್ಲ!

ಮದುವೆಗೆ ಮುಂಚೆ ಪಲ್ಲವಿ ಮದ್ದೂರಿಗೆ ಬಂದಳು. ಬಂದವಳೇ ನನ್ನ ಕೆದರಿದ ತಲೆ ನೋಡಿ, ಬಾಚಣಿಗೆ ತಂದು ಬಾಚಿದಳು. ಶರ್ಟಿನ ಗುಂಡಿಗಳನ್ನು ಒಂದೊಂದಾಗಿ ಸರಿಮಾಡಿದಳು. ನಾನು ಎಡಗೈಯಲ್ಲಿ ಹಾಕಿಕೊಂಡದ್ದರಿಂದ ಎಲ್ಲವೂ ಒಂದೊಂದು ಕಾಜ ಮೇಲೆ ಹೋಗಿದ್ದವು.

"ಮಾವ, ಅಮ್ಮ ಮಂಡ್ಯದ ಕೇಟರಿಂಗ್‌ನವ್ರಿಗೆ ಯೋಳವ್ಳೆ. ನೀನೇನೂ ಮಾಡ್ಬ್ಯಾಡ. ಸುಮ್ನೆ ಬಂದು ಕುಂತ್ಕೋ, ಸಾಕು."

ಒಳ್ಳೆಯದಕ್ಕೇ ಹೇಳಿದಳು. ಆದರೆ "ಸುಮ್ನೆ ಬಂದು ಕುಂತ್ಕೋ" ಎಂದು ನಾವು ಹೇಳುವುದು ದೂರದ ನೆಂಟರಿಗೆ. ಅವಳು ಬೀಳ್ಕೊಂಡು ಬಸ್ಸಿಗೆ ಹೊರಟಾಗ ಬಾಗಿಲವರೆಗೂ ಕಳಿಸಿಕೊಡಲು ನನಗೆ ನಡೆಯಲಾಗಲಿಲ್ಲ. ಕಿಟಕಿಯಲ್ಲಿ ಕೂತು ಅವಳು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದೆ. ಇನ್ನು ಬಂದರೆ ಇನ್ನೊಂದು ಮನೆಯವಳಾಗಿ ಬರುತ್ತಾಳೆ, ಗಂಡನ ಕಡೆಯ ಗಡಿಯಾರ ನೋಡಿಕೊಂಡು ಬರುತ್ತಾಳೆ. ಮನೆಯಲ್ಲಿ ಅವಳಿದ್ದ ಭಾನುವಾರಗಳು ನನಗೆ ಬೇಕಾಗಿದ್ದವು. ಯಾರು ಕೊಡುತ್ತಾರೆ?

ಬೀಗರೂಟದ ದಿನ ಬೆಳಕವಾಡಿಯಲ್ಲಿ ಶಾಮಿಯಾನದ ಕೆಳಗೆ ನನಗೊಂದು ಪ್ಲಾಸ್ಟಿಕ್ ಕುರ್ಚಿ, ಕಾಲಿಡಲು ಇನ್ನೊಂದು. ಹೆಬ್ಬೆರಳಿನ ಊತ ಸ್ವಲ್ಪ ಇಳಿದಿತ್ತು, ಚಪ್ಪಲಿ ಇನ್ನೂ ಹಿಡಿಯುತ್ತಿರಲಿಲ್ಲ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಕಾಲುಚೀಲ, ಕುತ್ತಿಗೆಯಲ್ಲಿ ಜೋಲಿ. ಅದರ ಮೇಲೆ ಅಕ್ಕ ಉಡುಗೊರೆ ಕೊಟ್ಟ ರೇಷ್ಮೆ ಶಲ್ಯ. ಬೀಗರ ಕಡೆಯ ಒಬ್ಬರು ಬಹಳ ಮರ್ಯಾದೆಯಿಂದ, "ಆಕ್ಸಿಡೆಂಟಾ?" ಎಂದು ಕೇಳಿದರು. "ಹೂಂ, ಹೂಂ," ಎಂದೆ. ಅದಕ್ಕಿಂತ ಗೌರವದ ಉತ್ತರ ನನ್ನಲ್ಲಿರಲಿಲ್ಲ.

ಒಲೆಯ ಕಡೆಯಿಂದ ಕೊತ್ತಂಬರಿ, ತೆಂಗಿನಕಾಯಿ, ಬೆಂದ ಬಾಡಿನ ವಾಸನೆ ಬಂತು. ಮೊದಲ ಪಂಕ್ತಿ ಕೂತಿತು. ಕೇಟರಿಂಗ್‌ನವರು ಕೈಗವಸು ಹಾಕಿಕೊಂಡು ಎಲೆ ಹಾಕತೊಡಗಿದರು. ನಾನು ಕುರ್ಚಿಯಲ್ಲಿ ಚಡಪಡಿಸಿದೆ. ಬಲಗೈ ಜೋಲಿಯೊಳಗೇ ಮುಷ್ಟಿ ಕಟ್ಟಿ ಬಿಚ್ಚಿ ಮಾಡುತ್ತಿತ್ತು. ಅಕ್ಕ ಅದನ್ನು ಕಂಡಿರಬೇಕು.

"ಏನ್ಲಾ, ಇಕ್ಕಬೇಕು ಅನ್ನಿಸ್ತದಾ?"

"ಪಲ್ಲವಿಗೆ ಒಂದೆಲೆ ಇಕ್ಕಬೇಕಾಗಿತ್ತು ಕಣಕ್ಕ."

ಅಕ್ಕ ಸುನಂದಳ ಮುಖ ನೋಡಿದಳು. ಸುನಂದ ನನ್ನ ಜೋಲಿಯನ್ನು ಸರಿಮಾಡಿದಳು. "ಬೆರಳು, ಮಣಿಕಟ್ಟು, ಮೊಣಕೈ ಆಡಿಸ್ಬೋದು ಅಂದವ್ರೆ. ರಟ್ಟೆ ಮೈಗೆ ಅಂಟ್ಕಂಡೇ ಇರ್ಬೇಕು." ಆಮೇಲೆ ಒಳಗೆ ಹೋಗಿ ಒಂದು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಉಪ್ಪು! "ಇದನ್ನ ಇಕ್ಕಿ. ಬೇರೆ ಯಾವುದನ್ನಾರಾ ಮುಟ್ಟಿದ್ರೋ, ನಾನೇ ಆ ಇನ್ನೊಂದು ಕೈ ಮುರೀತೀನಿ."

ಎರಡು ತಾಲ್ಲೂಕಿನ ಚಿನ್ನದ ಪದಕ ಉಪ್ಪಿಗೆ ಇಳಿಯಿತು. ನಮ್ಮಲ್ಲಿ ಉಪ್ಪು ಬಡಿಸುವ ಕೆಲಸ, ಬೇರೆ ಯಾವುದಕ್ಕೂ ಆಗದವರಿಗೆ ಕೊಡುವಂಥದ್ದು. ಆದರೂ ನಾನು ಎದ್ದೆ. ಕುಂಟುತ್ತ ಹೊರಟೆ, ಪಕ್ಕದಲ್ಲಿ ಸುನಂದ ತಟ್ಟೆ ಹಿಡಿದು. ಭುಜ ಅಲುಗದಂತೆ, ಜೋಲಿಯ ಬಾಯಿಂದ ಬರೀ ಮೂರು ಬೆರಳು ಹೊರಬಂದು ಎಲೆಯ ತುದಿಗೆ ಚಿಟಿಕೆ ಉಪ್ಪು ಹಾಕುತ್ತವೆ, ಮತ್ತೆ ಒಳಗೆ ಹೋಗುತ್ತವೆ. ಒಂದೊಂದು ಎಲೆಗೂ ಇಡೀ ದೇಹ ತಿರುಗಬೇಕು. ನನ್ನನ್ನು ಬಲ್ಲವರೆಲ್ಲ ಬಗ್ಗಿ ಬಗ್ಗಿ ನೋಡಿದರು. "ಓಹೋ ಗೌಡ್ರು! ಬಕೆಟ್ಟು ಎಲ್ಲಿ?" ಎಂದು ಒಬ್ಬ ಕೂಗಿದ. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಗದೆ ಬೇರೆ ದಾರಿಯಿರಲಿಲ್ಲ.

ಅಳಿಯನ ಎಲೆಗೆ ಚಿಟಿಕೆ ಹಾಕಿ ಪಲ್ಲವಿಯ ಮುಂದೆ ಬಂದೆ. ಅವಳು ತಲೆಯೆತ್ತಿ ನೋಡಿದಳು. ಹಣೆಯ ಮೇಲೆ ಹೊಸ ಗಂಭೀರ ಕುಂಕುಮ, ಕೆಳಗೆ ಅದೇ ಕಾಲೇಜಿನ ಹುಡುಗಿಯ ಕಣ್ಣು. ಏನಾದರೂ ಹೇಳಬೇಕೆನಿಸಿತು. ಚೆನ್ನಾಗಿರವ್ವ ಎನ್ನಬೇಕು, ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ ಎನ್ನಬೇಕು. ಚಿಟಿಕೆ ಉಪ್ಪು ಹಾಕಿದೆ. ಮುಂದಿನ ಎಲೆಗೆ ಹೋಗಬೇಕಿತ್ತು, ಕಾಲು ಏಳಲಿಲ್ಲ. ಹೋದರೆ ಮುಗಿಯಿತು, ನನ್ನ ಹತ್ತಿರ ಅವಳಿಗೆ ಬಡಿಸಲು ಬೇರೇನೂ ಇಲ್ಲ. ಇನ್ನೊಂದು ಚಿಟಿಕೆ ಹಾಕಿದೆ. ಮತ್ತೊಂದು ಹಾಕಿದೆ. ಕಣ್ಣು ಮಂಜಾಗಿತ್ತು, ಬೆರಳು ತಾನೇ ತಟ್ಟೆಗೆ ಹೋಗಿ ಬರುತ್ತಿತ್ತು.

"ಸಾಕು ಕಣ್ರೀ," ಎಂದು ಸುನಂದ ಪಿಸುಗುಟ್ಟಿದಳು. ತಟ್ಟೆಯನ್ನು ಮಾತ್ರ ಅವಳು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಇಕ್ಕು ಮಾವ," ಎಂದಳು ಪಲ್ಲವಿ. "ಇನ್ನೂ ಇಕ್ಕು."

ಹಿಂದಿನಿಂದ ಬಂದ ಕೇಟರಿಂಗ್‌ನವನಿಗೆ ನಮ್ಮ ಯಾವ ಸಂಕಟವೂ ಗೊತ್ತಿಲ್ಲ. ಮುದ್ದೆ ಇಟ್ಟ, ಬಾಡಿನ ಸಾರನ್ನು ಎಲೆಯ ಮೇಲೆ ಧಾರಾಳವಾಗಿ ಬಿಟ್ಟ. ಸಾರು ಹರಿದು ಉಪ್ಪಿನ ಗುಡ್ಡೆಯನ್ನು ಪೂರ್ತಿ ಕರಗಿಸಿಕೊಂಡು ಎಲೆಯ ತುಂಬ ನಿಂತಿತು. ಪಲ್ಲವಿ ಮುದ್ದೆ ಮುರಿದಳು, ಅದ್ದಿದಳು, ನನ್ನನ್ನೇ ನೋಡುತ್ತ ನುಂಗಿದಳು.

"ಎಂಗದವ್ವಾ?"

"ಚೆನ್ನಾಗದೆ ಮಾವ," ಎಂದು, ನೀರಿನ ಬಾಟಲಿಯನ್ನು ಎತ್ತಿ ಒಂದೇ ಉಸಿರಿಗೆ ಖಾಲಿ ಮಾಡಿದಳು.

ನನ್ನ ಕೈಯಿಂದ ಅವಳಿಗೆ ಬದುಕಿರುವವರೆಗೂ ಮರೆಯದಂಥ ಊಟ ಬಡಿಸಬೇಕು ಎಂದುಕೊಂಡಿದ್ದೆ. ಬಡಿಸಿದೆ! ನರ ಈಗ ಚೆನ್ನಾಗಿ ಕೂಡಿದೆ, ಕೈ ತಲೆಯವರೆಗೂ ಏಳುತ್ತದೆ ಎಂದು ಡಾಕ್ಟರು ಮೆಚ್ಚಿದ್ದಾರೆ. ಆದರೆ ಅಳಿಯ ನಮ್ಮ ಮನೆಗೆ ಊಟಕ್ಕೆ ಬಂದಾಗ, ನಾನು ಬಡಿಸಲು ಹತ್ತಿರ ಹೋದರೆ ಸಾಕು, ಮಾತಿಲ್ಲದೆ ತಟ್ಟೆಯನ್ನು ಎತ್ತಿ ಎದೆಗೆ ಒತ್ತಿಕೊಳ್ಳುತ್ತಾನೆ.